ಹಗರಿಯ ಉಸುಕು, ನಾಲ್ಕು ಟ್ಯೂಬು ಬಣ್ಣ

ನಾವಿಬ್ಬರೂ ಟೀಚರುಗಳು. ಗಂಡ ಹೆಂಡತಿ. ಒಬ್ಬರದು ಕನ್ನಡ, ಇನ್ನೊಬ್ಬರದು ಸಮಾಜ. ನಮ್ಮ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಇಲ್ಲ, ಹಾಗಾಗಿ ಆ ಪೀರಿಯಡ್ಡೂ ನಮ್ಮ ತಲೆಗೇ ಬಂತು. ಮಕ್ಕಳಿಗೆ ಬೆಟ್ಟ, ಸೂರ್ಯ, ತೆಂಗಿನಮರ ಹೇಳಿಕೊಡುತ್ತಾ ಹೇಳಿಕೊಡುತ್ತಾ ನಮಗೇ ಹುಚ್ಚು ಹತ್ತಿತು. ಅದೂ ಎಣ್ಣೆ ಬಣ್ಣದ ಹುಚ್ಚು!

ಬೊಮ್ಮನಹಾಳ್, ಕಣೇಕಲ್ಲು ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ದೂರದ ಊರಿನವರಿಗೆ ಹೇಳುತ್ತೇವೆ. ನಮ್ಮ ರಾಯದುರ್ಗ ಸೀಮೆಯಲ್ಲಿ ಉಸುಕಿನ ದಿಬ್ಬಗಳಿವೆ. ಆಂಧ್ರದಲ್ಲಿ ಮರುಭೂಮಿಯಾ ಅಂತ ನಗಬೇಡಿ. ಲೆಕ್ಕದ ಪ್ರಕಾರ ಇದು ಮರುಭೂಮಿ ಅಲ್ಲ ನಿಜ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಜಾಗಕ್ಕೆ ಆ ಹೆಸರು, ಅನಂತಪುರ ಜಿಲ್ಲೆಗೆ ಸರಾಸರಿ ಸುಮಾರು 550 ಮಿ.ಮೀ. ಬೀಳುತ್ತದೆ. ಈ ಉಸುಕು ಬಂದದ್ದು ಹೊಳೆಯಿಂದ. ವೇದಾವತಿ, ಅಂದರೆ ನಮ್ಮ ಬಾಯಿಯ ಹಗರಿ, ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಮೇಲೆ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಅಣೆಕಟ್ಟು, ಇತ್ತ ಭೈರವಾನಿ ತಿಪ್ಪೆಯಲ್ಲಿ ಇನ್ನೊಂದು. ಮುಂಗಾರಿನ ಗಾಳಿ ತನ್ನ ಮಳೆಯನ್ನೆಲ್ಲ ಘಟ್ಟದಲ್ಲಿ ಸುರಿಸಿ ನಮ್ಮ ಹತ್ತಿರ ಬರುವಾಗ ಬರೀ ಗಾಳಿ. ಅದು ಹೊಳೆಯ ಒಣ ಉಸುಕನ್ನು ಎತ್ತಿ ಹೊಲಗಳ ಮೇಲೆ ಸುರಿಯುತ್ತದೆ. ರೈತರು ತೆಗೆದು ಹಾಕುತ್ತಾರೆ, ಮುಂದಿನ ವರ್ಷ ಮತ್ತೆ ಅಷ್ಟೇ. ಪಾಠದಲ್ಲಿ ‘ಮರಳು’ ಅನ್ನುವ ಪದ ಬಂದಾಗ ಒಬ್ಬ ಹುಡುಗ ಕೇಳಿದ್ದ, “ಮರಳು ಅಂದ್ರೆ ವಾಪಸ್ ಬರೋದಲ್ರೀ ಸಾರ್?” ಎರಡೂ ಸರಿ ಅಂದೆವು.

ಇನ್ನು ಸಾಮಾನಿನ ವಿಷಯ. ಎಣ್ಣೆ ಬಣ್ಣ ಅಂದರೆ ಶ್ರೀಮಂತರ ಆಟ ಅಂತ ನಾವೂ ತಿಳಿದಿದ್ದೆವು. ಹಾಗೇನಿಲ್ಲ! ಶಾಲೆಯಲ್ಲಿ ಗುಜರಿಗೆ ಹಾಕಿದ್ದ ಕರಿಹಲಗೆಯ ಮೂರು ಕಾಲಿನ ಸ್ಟ್ಯಾಂಡನ್ನು ದುಡ್ಡು ಕೊಟ್ಟು ತಂದೆವು, ಅದೇ ಈಸೆಲ್. ಮನೆ ಕಟ್ಟುವಾಗ ಉಳಿದ ಬಿಳಿ ಟೈಲ್ಸು ಪ್ಯಾಲೆಟ್ಟು. ಕ್ಯಾನ್ವಾಸಿನ ಬದಲು ಹಾರ್ಡ್‌ಬೋರ್ಡು: 8 ಅಡಿ 4 ಅಡಿಯ ಒಂದು ಹಾಳೆ ತಂದು 12 ಇಂಚು 16 ಇಂಚಿಗೆ ಕೊಯ್ಸಿದರೆ 24 ತುಂಡು ಬರುತ್ತವೆ. ವರ್ಷಕ್ಕಾಯಿತು! ಬೋರ್ಡಿಗೆ ನೇರವಾಗಿ ಬಣ್ಣ ಹಚ್ಚಿದರೆ ಎಣ್ಣೆಯನ್ನೆಲ್ಲ ಅದು ಕುಡಿದುಬಿಡುತ್ತದೆ, ಆದ್ದರಿಂದ ಮೊದಲು ಬಿಳಿ ಅಸ್ತರು ಬೇಕು. ಅದಕ್ಕೆ ‘ಜೆಸ್ಸೊ’ ಅನ್ನುತ್ತಾರೆ. ಇಟಲಿಯ ಆ ಮಾತಿಗೆ ಜಿಪ್ಸಂ ಅಂತಲೇ ಅರ್ಥ. ನಮ್ಮ ಸೀಮೆಸುಣ್ಣವೂ ಜಿಪ್ಸಮ್ಮೇ ತಾನೆ? ಕರಿಹಲಗೆಯ ಕೆಳಗೆ ಬಿದ್ದ ಪುಡಿ ಜರಡಿ ಹಿಡಿದು, ಫೆವಿಕಾಲು, ನೀರು ಕಲಸಿ ಮೂರು ಕೋಟು ಹೊಡೆದೆವು. ಮೊದಲ ಸಲ ಫೆವಿಕಾಲು ಜಾಸ್ತಿಯಾಗಿ ಬೋರ್ಡು ಗಾಜಿನ ಹಾಗೆ ನುಣುಪಾಗಿ ಬಣ್ಣ ಜಾರುತ್ತಿತ್ತು. ಪುಡಿ ಹೆಚ್ಚಿಸಿದ ಮೇಲೆ ಸರಿಹೋಯಿತು.

ದುಡ್ಡು ಹೋಗುವುದು ಬಣ್ಣಕ್ಕೆ ಮಾತ್ರ. ರಾಯದುರ್ಗ 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು, ಆದರೆ ಒಳ್ಳೆ ಬಣ್ಣ ಬೇಕಂದರೆ ನಾವು ಹತ್ತುವುದು ಇವತ್ತಿಗೂ ಬಳ್ಳಾರಿ ಬಸ್ಸೇ. ಹನ್ನೆರಡು ಬಣ್ಣದ ಡಬ್ಬಿ ತರಬೇಡಿ, ಅರ್ಧ ಹಾಗೇ ಒಣಗುತ್ತವೆ. ನಾಲ್ಕು ಟ್ಯೂಬು ಸಾಕು: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ, ಬಿಳಿ. ಬಿಳಿಯದು ದೊಡ್ಡದೇ ಇರಲಿ. ನೀಲಿಗೆ ಸಿಯೆನ್ನಾ ಬೆರೆಸಿದರೆ ಕರಿ ಬಣ್ಣದ ಖರ್ಚೂ ಉಳಿಯಿತು.

ಮೊದಲ ಚಿತ್ರ ಮುಗಿಸಿ ಹೆಮ್ಮೆಯಿಂದ ತರಗತಿಗೆ ಒಯ್ದೆವು. ಹಿಂದಿನ ಬೆಂಚಿನ ಹುಡುಗಿ ನೋಡಿ, “ಇದು ನಮ್ ಉಸುಕಲ್ರೀ ಟೀಚರ್, ಟೀವಿ ಉಸುಕು” ಅಂದಳು! ಸರಿಯಾಗೇ ಇತ್ತು. ನಾವು ರಾಜಸ್ಥಾನದ ಕ್ಯಾಲೆಂಡರಿನ ಕಿತ್ತಳೆ ಬಣ್ಣ ಹಚ್ಚಿದ್ದೆವು. ಹಗರಿಯ ಉಸುಕು ಗ್ರಾನೈಟ್ ಕಲ್ಲು ಸವೆದು ಬಂದದ್ದು, ಮಾಸಲು ಬೂದಿ, ಒಳಗೆಲ್ಲೋ ಚೂರು ಗುಲಾಬಿ. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದಾಗ ಇನ್ನೊಂದು ಗೊತ್ತಾಯಿತು. ದಿಬ್ಬದ ನೆರಳು ಕಪ್ಪಲ್ಲ, ನೀಲಿ. ಬಿಸಿಲು ಬೀಳದ ಕಡೆ ಬೀಳುವುದು ಬರೀ ಆಕಾಶದ ಬೆಳಕು ಅಲ್ವಾ! ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ ನಮ್ಮ ಕಣ್ಣಿಗೆ ಕಂಡೇ ಇರಲಿಲ್ಲ.

ಎರಡನೇ ಚಿತ್ರದ ಕಥೆ ಬೇರೆ. ಅಗಸೆ ಎಣ್ಣೆ ಮುಗಿದಿತ್ತು. ಎಣ್ಣೆ ಎಣ್ಣೆಯೇ ತಾನೆ ಅಂತ ಅಡುಗೆಮನೆಯ ಶೇಂಗಾ ಎಣ್ಣೆ ಬೆರೆಸಿದೆವು. ಒಂದು ವಾರ, ಎರಡು ವಾರ, ತಿಂಗಳಾದರೂ ಒಣಗಲೇ ಇಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆಗೆ ಆ ಗುಣ ಇಲ್ಲ. ಅಷ್ಟರಲ್ಲಿ ಆಷಾಢದ ಗಾಳಿ ಶುರು. ಕಿಟಕಿ ಸಂದಿಯಿಂದ ಬಂದ ಉಸುಕೆಲ್ಲ ಚಿತ್ರಕ್ಕೇ ಅಂಟಿ, ಉಸುಕಿನ ಚಿತ್ರದ ಮೇಲೆ ನಿಜವಾದ ಉಸುಕು! (ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ ಬಿಡಿಸಿ ಹರವಿ. ಟರ್ಪೆಂಟೈನ್ ವಾಸನೆಗೆ ಕಿಟಕಿ ತೆಗೆದಿರಬೇಕು. ಚಿಕ್ಕ ಮಕ್ಕಳ ಕೈಗೆ ಇವೆರಡನ್ನೂ ಕೊಡಲೇಬೇಡಿ, ಅವರಿಗೆ ನೀರಿನ ಬಣ್ಣವೇ ಚೆಂದ.)

ಮೂರನೆಯದು ಚೆನ್ನಾಗಿ ಬಂತು. ಬೂದಿ ದಿಬ್ಬ, ನೀಲಿ ನೆರಳು, ಅಂಚಿನಲ್ಲಿ ಬಳ್ಳಾರಿ ಜಾಲಿ. ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದಾಗ ಒಬ್ಬ ಹುಡುಗನ ಅಪ್ಪ ಮನೆಗೆ ಬಂದರು. ಟಿಸಿ ಬೇಕಂತೆ, ಬೆಂಗಳೂರಿಗೆ ಕೆಲಸಕ್ಕೆ ಹೊರಟಿದ್ದಾರಂತೆ. ಚಹಾ ಕುಡಿಯುತ್ತಾ ಚಿತ್ರ ನೋಡಿದರು. ಎದ್ದು ಹತ್ತಿರ ಹೋದರು. “ಚೆಂದ ಐತ್ರೀ” ಅಂದರು. ಸ್ವಲ್ಪ ಹೊತ್ತು ಬಿಟ್ಟು ದಿಬ್ಬದ ನಡುವೆ ಬೆರಳಿಟ್ಟು, “ನಮ್ಮ ಬಾವಿ ಇಲ್ಲೇ ಇತ್ರೀ” ಅಂದರು. ಬೆರಳಿಗೆ ಹಸಿ ಬಣ್ಣ ಹತ್ತಿತು. ಪಾಪ, ಗಾಬರಿಯಾಗಿ ಧೋತರಕ್ಕೆ ಒರೆಸಿಕೊಂಡರು.

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಆರು ತಿಂಗಳಿಂದ ನಾವು ನೆರಳು ನೋಡಿದ್ದು, ಅಂಚು ನೋಡಿದ್ದು, ಬಣ್ಣ ನೋಡಿದ್ದು. ಅದರ ಕೆಳಗೆ ಯಾರ ಹೊಲ ಇತ್ತು ಅಂತ ಒಂದು ಸಲವೂ ಕೇಳಿರಲಿಲ್ಲ. ಟಿಸಿಗೆ ಅರ್ಜಿ ಬರೆದುಕೊಟ್ಟೆವು. ಆಮೇಲೆ ನಾವೇ ಕೇಳಿದೆವು, ಬಾವಿ ಹೇಗಿತ್ತು? ಚದುರ ಕಲ್ಲುಕಟ್ಟಡ, ಮೂಡಣಕ್ಕೆ ಮೆಟ್ಟಿಲು, ಪಕ್ಕದಲ್ಲಿ ಒಂದು ಬೇವಿನಮರ, ಸುತ್ತ ನಾಲ್ಕು ಎಕರೆ ಶೇಂಗಾ. ಮೆಟ್ಟಿಲು ಎಷ್ಟಿದ್ದವು ಅಂದರೆ ಲೆಕ್ಕ ಹಾಕತೊಡಗಿದರು, ಹದಿನಾಲ್ಕೋ ಹದಿನೈದೋ. ಅವರ ಮಗ ಅಲ್ಲೇ ನಿಂತು ಕೇಳುತ್ತಿದ್ದ. ಅವನು ಆ ಬಾವಿಯನ್ನು ನೋಡಿಯೇ ಇಲ್ಲ.

ಹೋದ ವಾರದಿಂದ ಅದೇ ಅಳತೆಯ ಇನ್ನೊಂದು ಬೋರ್ಡಿನಲ್ಲಿ ಬಾವಿ ಬರೆಯುತ್ತಿದ್ದೇವೆ. ಶೇಂಗಾದ ಹಸಿರಿಗೆ ಓಕರ್ ಮತ್ತು ಅಲ್ಟ್ರಾಮರೀನ್ ಬೆರೆಸಿದರೆ ಬರುವ ಹಸಿರು ತೀರಾ ಮಂಕು. ಐದನೇ ಟ್ಯೂಬು, ಒಂದು ನಿಂಬೆಹಳದಿ, ತರಲೇಬೇಕು. ಭಾನುವಾರ ಬಳ್ಳಾರಿಗೆ ಹೊರಟಿದ್ದೇವೆ. ಅವರು ಊರು ಬಿಡುವುದು ತಿಂಗಳ ಕೊನೆಗೆ, ಅಷ್ಟರಲ್ಲಿ ಒಣಗುತ್ತದೋ ಇಲ್ಲವೋ...