ಕೆಚ್ಚುವ ಬೆರಳು

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಹಗಲೆಲ್ಲ ಮಗ್ಗದ ಸದ್ದು. ವಿದ್ಯುತ್ ಮಗ್ಗದಲ್ಲಿ ಲಾಳಿ ತಾನಾಗೇ ಓಡುತ್ತದೆ, ನಿಜ. ಆದರೆ ಒಂದು ಹಾಸು ಮುಗಿದು ಇನ್ನೊಂದನ್ನು ಏರಿಸುವ ಹೊತ್ತಿಗೆ ಕೆಲಸ ಮತ್ತೆ ಬೆರಳಿಗೇ ಬರುತ್ತದೆ. ಬೆರಳಿಗೆ ಚೂರು ಬೂದಿ ಸವರಿಕೊಂಡು, ಹಳೇ ಎಳೆಯ ತುದಿಗೆ ಹೊಸ ಎಳೆಯ ತುದಿ ಹಿಡಿದು, ಹೊಸೆದು ಕೂಡಿಸಬೇಕು. ಗಂಟು ಹಾಕುವಂತಿಲ್ಲ, ದಪ್ಪವಾದರೆ ಹಣಿಗೆಯಲ್ಲಿ ಸಿಕ್ಕಿ ಎಳೆ ಕಿತ್ತುಹೋಗುತ್ತದೆ. ರೇಷ್ಮೆ ಸೀರೆಯ ಒಂದು ಹಾಸಿನಲ್ಲಿ ಇಂಥ ಎಳೆಗಳು ಸಾವಿರಾರು. ಅಚ್ಚು ಕೆಚ್ಚುವುದು ಅಂದರೆ ಇದೇ.

ಈ ಕೆಲಸದಲ್ಲಿ ನುರಿತ ಹೆಂಗಸರು ಪಕ್ಕದವರ ಜೊತೆ ಮಾತಾಡುತ್ತಲೇ ಕೆಚ್ಚುತ್ತಾ ಹೋಗುವುದನ್ನು ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಕೂಡಿದ ಜಾಗ ನಮಗೆ ಕಾಣುವುದೂ ಇಲ್ಲ.

ಕಲಿಯಬೇಕು ಅನ್ನಿಸುವ ಕೆಲಸಗಳು ಇನ್ನೂ ಇವೆ. ದೇವನಹಳ್ಳಿ ಚಕ್ಕೋತದ ಕೊಂಬೆಗೆ ಗೂಟಿ ಕಟ್ಟುವುದು, ಅಂದರೆ ಉಂಗುರದಷ್ಟು ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ ಬೇರು ಬರಿಸುವುದು. ಅದನ್ನು ಒಂದು ಮಳೆಗಾಲದಲ್ಲಿ ಕಲಿತೇನು. ಕೆಚ್ಚುವುದಕ್ಕೆ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುವವರು ಬೇಕು. ದೊಡ್ಡಬಳ್ಳಾಪುರದ ಕಡೆ ಹೇಳಿಕೊಡುವ ಅಕ್ಕಂದಿರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅವರ ಬಿಡುವು ನೋಡಿಕೊಂಡೇ ಬರುತ್ತೇನೆ.