ಲಂಗರಿಗೆ ಹಗ್ಗವೇ ಬಲ
ಹಾರಂಗಿ ಹಿನ್ನೀರಿನಲ್ಲಿ ಗಾಳ ಹಾಕುವವರಿಗೆ ಮೀನಿನ ಆಸೆ. ನನಗೆ ಅದಕ್ಕೂ ಮೊದಲಿನ ಕೆಲಸವೇ ಇಷ್ಟ: ಪುಟ್ಟ ದೋಣಿಯನ್ನು ನಡುನೀರಿನಲ್ಲಿ ಅಲ್ಲಾಡದಂತೆ ನಿಲ್ಲಿಸುವುದು.

ಹೆಚ್ಚಿನವರು ಭಾರವನ್ನು ನಂಬುತ್ತಾರೆ, ಕಲ್ಲಿಗೆ ಹಗ್ಗ ಬಿಗಿದು ಇಳಿಬಿಡುತ್ತಾರೆ. ಆದರೆ ದಂಡೆಯಲ್ಲಿ 10 ಕಿಲೋ ತೂಗುವ ಕಗ್ಗಲ್ಲು ನೀರೊಳಗೆ 6 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ತೆಪ್ಪಕ್ಕೆ ಅಷ್ಟು ಸಾಕು. ಬಿಸಿಲೇರಿ ಗಾಳಿ ಎದ್ದಿತೋ, ಕಲ್ಲು ತಳದಲ್ಲಿ ತೆವಳತೊಡಗುತ್ತದೆ. ಕೊಕ್ಕೆ ಲಂಗರು ಹಾಗಲ್ಲ, ಕೆಸರನ್ನು ಕಚ್ಚಿ ಹಿಡಿಯುತ್ತದೆ. ಎಳೆತ ಅಡ್ಡಕ್ಕಿದ್ದರೆ ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ, ಮೇಲಕ್ಕಿದ್ದರೆ ಕಿತ್ತು ಬರುತ್ತದೆ. ಅದಕ್ಕೇ ನಮ್ಮ ದೋಣಿಯಣ್ಣ ಬಿಡದೆ ಹೇಳುವುದು: “ಹಗ್ಗ ಬಿಡಿ ಸಾರ್, ಇನ್ನೂ ಬಿಡಿ.” 4 ಮೀಟರ್ ಆಳಕ್ಕೆ 20 ಮೀಟರ್ ಹಗ್ಗವಾದರೂ ಬೇಕು, ಗಾಳಿ ಜೋರಿದ್ದರೆ 28. ಲಂಗರಿನ ಬಳಿ ಎರಡು ಮಾರು ಸರಪಳಿ ಇದ್ದರಂತೂ ಎಳೆತ ತಳಕ್ಕೆ ಒರಗಿಕೊಂಡೇ ಇರುತ್ತದೆ.

ಗಾಳಿಗೆ ಎದುರಾಗಿ ಹುಟ್ಟು ಹಾಕಿ, ದೋಣಿ ನಿಂತು ಹಿಂದಕ್ಕೆ ಸರಿಯತೊಡಗಿದಾಗ ಮೂತಿಯ ಕಡೆಯಿಂದ ಲಂಗರು ಇಳಿಸಬೇಕು. ಎಸೆದರೆ ಸರಪಳಿ ಕೊಕ್ಕೆಗೇ ಸುತ್ತಿಕೊಳ್ಳುತ್ತದೆ. ಹಗ್ಗ ಬೆರಳ ಸಂದಿಯಲ್ಲಿ ಜಾರುವಾಗ ತಳದ ಸುದ್ದಿ ಕೈಗೇ ಬರುತ್ತದೆ. ಕಲ್ಲಿನ ಮೇಲಾದರೆ ಕಟಕಟ ನಡುಕ. ಜೇಡಿಯಲ್ಲಾದರೆ ಮೆತ್ತನೆಯ ಜಗ್ಗು, ಆಮೇಲೆ ಒಮ್ಮೆಲೇ ಬಿಗಿ. ಆ ಬಿಗಿ ಕೈಗೆ ಸಿಕ್ಕಾಗಿನ ಸುಖವೇ ಬೇರೆ! ದೋಣಿ ತಾನಾಗಿ ಗಾಳಿಗೆ ಮುಖ ಮಾಡುತ್ತದೆ. ಪಕ್ಕದ ದಂಡೆಯ ಒಣಮರವನ್ನು ಅದರ ಹಿಂದಿನ ಗುಡ್ಡದ ನೆತ್ತಿಗೆ ಸಾಲು ಹಿಡಿದು ನೋಡುತ್ತೇನೆ. ಸಾಲು ಕದಲದಿದ್ದರೆ ಲಂಗರು ಕಚ್ಚಿದೆ.

ಬೇಸಿಗೆಯಲ್ಲಿ ತಲೆಯೆತ್ತುವ ಮರದ ಬೊಡ್ಡೆಗಳು ನೀರು ತುಂಬಿದಾಗ ಲಂಗರನ್ನು ಸಿಕ್ಕಿಸಿಕೊಳ್ಳುತ್ತವೆ. ಅದಕ್ಕೊಂದು ಚೆಂದದ ಉಪಾಯವಿದೆ. ಸರಪಳಿಯನ್ನು ಲಂಗರಿನ ಬುಡಕ್ಕೆ ಭದ್ರವಾಗಿ ಹಾಕಿ, ತುದಿಯ ಬಳೆಗೆ ಸಣಬಿನ ದಾರದಿಂದ ಮಾತ್ರ ಕಟ್ಟುವುದು. ಬೊಡ್ಡೆಗೆ ಸಿಕ್ಕರೆ, ದೋಣಿಯನ್ನು ಲಂಗರಿನ ನೆತ್ತಿಗೇ ತಂದು ಜಗ್ಗಿದಾಗ ದಾರ ಹರಿಯುತ್ತದೆ. ಎಳೆತ ಬುಡಕ್ಕೆ ಹೋಗಿ ಲಂಗರು ಹಿಮ್ಮುಖವಾಗಿ ಬಿಡಿಸಿಕೊಂಡು ಬರುತ್ತದೆ. ದೋಣಿಯಲ್ಲಿ ನಾವಿದ್ದಾಗ ಮಾತ್ರ ಈ ದಾರ. ದೋಣಿ ಬಿಟ್ಟು ಹೋಗುವುದಿದ್ದರೆ ಬೇಡವೇ ಬೇಡ.

ದಂಡೆಯಲ್ಲಿ ಕಟ್ಟುವುದು ಇನ್ನೊಂದು ವಿದ್ಯೆ. ನದಿಯ ಮೇಲ್ಭಾಗದ ಪುಷ್ಪಗಿರಿ ಸೀಮೆಯಲ್ಲಿ ಮಳೆ ಹಿಡಿದರೆ ನೀರು ರಾತ್ರೋರಾತ್ರಿ ಏರುತ್ತದೆ. ಗಿಡ್ಡ ಹಗ್ಗದಲ್ಲಿ ಮರದ ಬುಡಕ್ಕೆ ಬಿಗಿದ ದೋಣಿ ಮೂತಿ ಮುಳುಗಿಸಿಕೊಂಡು ನೀರು ತುಂಬಿಕೊಳ್ಳುತ್ತದೆ. ಹಾಗಾಗಿ ಜೂನ್ ಬಂತೆಂದರೆ ಜಲಾಶಯದ ಪೂರ್ಣಮಟ್ಟವಾದ 2859 ಅಡಿಯ ಗೆರೆಗಿಂತ ಮೇಲಕ್ಕೆ ಎಳೆದು ದೋಣಿಯನ್ನು ಮಗುಚಿ ಹಾಕುತ್ತೇವೆ.