ಪುಣೆಯ ವಕೀಲಿಕೆ ಬದಲಾದ ಬಗೆ

ಗದಗಿನಿಂದ ಕಾನೂನು ಓದಲು ನಾನು ಪುಣೆಗೆ ಬಂದ ಕಾಲದಲ್ಲಿ ನಮ್ಮ ಕಡೆಯವರಿಗೆ ಐಎಲ್ಎಸ್ ಲಾ ಕಾಲೇಜೆಂದರೆ ವಿಶೇಷ ಅಭಿಮಾನ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತು, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಪಿ.ಬಿ. ಗಜೇಂದ್ರಗಡ್ಕರ್ ವಕೀಲಿ ಪದವಿ ಪಡೆದದ್ದು ಅಲ್ಲೇ. ಎಂಬತ್ತರ ದಶಕದ ಕೊನೆಯಲ್ಲಿ ನಾನೂ ಓದು ಮುಗಿಸಿ, ಸದಾಶಿವ ಪೇಟೆಯ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿದೆ.

ಆಗ ವಕೀಲಿಕೆಯೆಂದರೆ ಶಿವಾಜಿನಗರದ ಕೋರ್ಟು. ಹಳೆಯ ವಾಡೆಗಳ ಬಾಡಿಗೆ ತಕರಾರು, ಅಣ್ಣತಮ್ಮಂದಿರ ಪಾಲಿನ ದಾವೆ, ತಾರೀಖಿನ ಮೇಲೆ ತಾರೀಖು. ಜಗಳ ಕೈಮೀರಿದ ಮೇಲೆಯೇ ಕಕ್ಷಿದಾರರು ನಮ್ಮಲ್ಲಿಗೆ ಬರುತ್ತಿದ್ದರು. ಕಾರ್ಖಾನೆಗಳ ದೊಡ್ಡ ಕರಾರುಗಳು ಮುಂಬಯಿಯ ಸಾಲಿಸಿಟರ್‌ಗಳ ಪಾಲಾಗುತ್ತಿದ್ದವು. ಡೆಕ್ಕನ್ ಕ್ವೀನ್ ರೈಲು ಹತ್ತಿ ಕಡತ ಮುಟ್ಟಿಸಿ ಬರುವುದಷ್ಟೇ ನಮ್ಮ ಕೆಲಸ.

1991ರ ಉದಾರೀಕರಣ ಇದನ್ನೆಲ್ಲ ಅಲುಗಾಡಿಸಿತು. 1994ರಲ್ಲಿ ಮರ್ಸಿಡಿಸ್ ಬೆಂಜ್ ಪುಣೆಯಲ್ಲಿ ಕಂಪನಿ ತೆರೆಯಿತು. 2009ರಲ್ಲಿ ಪುಣೆ ಬಳಿಯ ಚಾಕಣದಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಉದ್ಘಾಟನೆಯಾಯಿತು. 1996ರ ಮಧ್ಯಸ್ಥಿಕೆ ಕಾಯ್ದೆ ಬಂತು, 2000ದ ಜೂನ್‌ನಲ್ಲಿ ವಿದೇಶಿ ವಿನಿಮಯದ ಹಳೆಯ ಕಾಯ್ದೆ ಫೆರಾ ಹೋಗಿ ಫೆಮಾ ಜಾರಿಯಾಯಿತು. ಜಂಟಿ ಉದ್ಯಮದ ಕರಾರು, ತಂತ್ರಜ್ಞಾನದ ಪರವಾನಗಿ, ಷೇರು ಖರೀದಿ ಎಲ್ಲಕ್ಕೂ ವಕೀಲರು ಬೇಕಾದರು. ವಿದೇಶಿ ವಕೀಲರು ಇಲ್ಲಿ ವಕೀಲಿಕೆ ಮಾಡುವಂತಿರಲಿಲ್ಲ. ಹಾಗಾಗಿ ನನ್ನ ಜೊತೆಗೆ ಓದಿದ ಕೆಲವರು ಬಂಡ್ ಗಾರ್ಡನ್, ಸೇನಾಪತಿ ಬಾಪಟ್ ರಸ್ತೆಗಳಲ್ಲಿ ಲಾ ಫರ್ಮ್ ತೆರೆದರು. ಚೀನಾದಲ್ಲೂ ಸರ್ಕಾರಿ ನೌಕರರಂತಿದ್ದ ವಕೀಲರು ಸ್ವಂತ ಸಂಸ್ಥೆ ಕಟ್ಟಿದ್ದು ಹೆಚ್ಚುಕಡಿಮೆ ಅದೇ ಕಾಲದಲ್ಲಿ. 1993ರಲ್ಲಿ ಬೀಜಿಂಗ್‌ನಲ್ಲಿ ಆರಂಭವಾದ ಕಿಂಗ್ ಅಂಡ್ ವುಡ್ 2012ರಲ್ಲಿ ಆಸ್ಟ್ರೇಲಿಯದ ಮ್ಯಾಲೆಸನ್ಸ್ ಜೊತೆ ಒಂದಾಗುವಷ್ಟು ಬೆಳೆಯಿತು.

ಪುಣೆಯ ಅಂಥ ಒಂದು ಫರ್ಮಿಗಾಗಿ ನಾನು ಚಾಕಣದ ಜಮೀನುಗಳ ಕಾಗದ ನೋಡುತ್ತಿದ್ದೆ. 30 ವರ್ಷಗಳ ದಾಖಲೆಗಳ ಸರ್ಚ್, ಸಬ್‌ರಿಜಿಸ್ಟ್ರಾರ್ ಕಚೇರಿಯ ದಪ್ಪ ಪುಸ್ತಕಗಳು, ತಲಾಠಿಯ ಸಹಿಯ ಸಾತ್‌ಬಾರಾ ಉತಾರ, ಅಂದರೆ ನಮ್ಮ ಕಡೆಯ ಪಹಣಿ. ಒಂದು ಉತಾರದ ‘ಇತರ ಹಕ್ಕು’ ಕಾಲಮ್ಮಿನಲ್ಲಿ ಮದುವೆಯಾಗಿ ಹೋದ ಮಗಳ ಹೆಸರಿತ್ತು. ಸಹಿಗೆಂದು ಕರೆಸಿದಾಗ ಆ ತಾಯಿ ಕೇಳಿದರು: “ಅಪ್ಪನ ಹೊಲದಲ್ಲಿ ನನಗೂ ಪಾಲಿದೆಯಾ, ಸಾಹೇಬರೇ?” ಕಂಪನಿಯ ಪರವಾಗಿದ್ದ ನಾನು ಅವರಿಗೆ ಸಲಹೆ ಕೊಡುವಂತಿರಲಿಲ್ಲ. ಸಹಿಗೆ ಮುಂಚೆ ಬೇರೆ ವಕೀಲರನ್ನು ಕೇಳಿ ಎಂದೆ. ಕೊಳ್ಳುವವರಿಗೆ ತಿಂಗಳುಗಟ್ಟಲೆ ಸಲಹೆ ಸಿಕ್ಕಿತ್ತು. ಆಕೆಗೆ ತನ್ನ ಹಕ್ಕಿನ ಸುದ್ದಿಯೂ ತಿಳಿದಿರಲಿಲ್ಲ.

ಕೋರ್ಟಿನ ಮೆಟ್ಟಿಲು ಹತ್ತದೆಯೇ ದೊಡ್ಡ ವ್ಯವಹಾರಗಳ ಹಣೆಬರಹ ಬದಲಾಗುವುದನ್ನೂ ಕಂಡೆ. 2020ರ ಜನವರಿಯಲ್ಲಿ ಚೀನಾದ ಗ್ರೇಟ್ ವಾಲ್ ಮೋಟರ್ಸ್, ಪುಣೆ ಬಳಿಯ ತಳೇಗಾಂವ್‌ನ ಜನರಲ್ ಮೋಟರ್ಸ್ ಕಾರ್ಖಾನೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ನೆರೆದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವೆಂದು ಏಪ್ರಿಲ್‌ನಲ್ಲಿ ಪ್ರೆಸ್ ನೋಟ್ 3 ಹೊರಬಿತ್ತು. ಅನುಮತಿಗೆ ಕಾದು ಕಾದು 2022ರಲ್ಲಿ ವ್ಯವಹಾರ ಮುರಿದುಬಿತ್ತು. ಮರುವರ್ಷ ಹುಂಡೈ ಆ ಕಾರ್ಖಾನೆ ಕೊಳ್ಳಲು ಮುಂದಾಯಿತು.

ಲಾ ಫರ್ಮ್‌ಗಳು ತಂದ ದೊಡ್ಡ ಬದಲಾವಣೆ ಒಂದೇ: ಜಗಳವಾದ ಮೇಲೆ ನೆನಪಾಗುತ್ತಿದ್ದ ವಕೀಲರನ್ನು ಈಗ ಸಹಿಗೆ ಮುಂಚೆ ಕೇಳುತ್ತಾರೆ. ಆ ಲಾಭ ಬರೀ ಕಂಪನಿಗಳಿಗೆ ಸಿಕ್ಕರೆ ಸಾಲದು. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ. ಹೊಲ ಮಾರುವ ಮುಂಚೆ, ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ, ದಯವಿಟ್ಟು ಅಲ್ಲಿಗೊಮ್ಮೆ ಹೋಗಿ ಕೇಳಿ.